ಬಳಸಿದ ಇಲೆಕ್ಟ್ರಾನಿಕ್ ಉಪಕರಣಗಳ ಖರೀದಿ: ವರ್ತಕರು ಗಮನಿಸಬೇಕಾದ ಅಂಶಗಳು

ಶೈಕ್ಷಣಿಕ ವರ್ಷ ಮುಗಿಯುವ ಕಾಲಕ್ಕೆ ಮಣಿಪಾಲವನ್ನು ಬಿಟ್ಟು ಹೊರಡುವ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪ್, ಮೊಬೈಲ್, ಪ್ರಿಂಟರ್‌ಗಳನ್ನು ಮಾರುವುದುಂಟು. ಉಡುಪಿಯ ಅಂಗಡಿಗೋ, ಕಾಪುವಿನ ಸಣ್ಣ ಕಚೇರಿಗೋ, ಕಾರ್ಕಳದ ಗೇರುಬೀಜ ಕಾರ್ಖಾನೆಗೋ ಇಂತಹ ಉಪಕರಣಗಳು ಧಾರಾಳವಾಗಿ ಸಾಕು. ಆದರೆ ಬಿಲ್ಲಿಲ್ಲದೆ ಕೊಂಡರೆ ಅಗ್ಗವೇ ದುಬಾರಿಯಾದೀತು.

1. ಒಡೆತನ: 1930ರ ಸರಕು ಮಾರಾಟ ಅಧಿನಿಯಮದ 27ನೇ ಕಲಮಿನಂತೆ, ಕೆಲವು ವಿನಾಯಿತಿಗಳ ಹೊರತು, ಮಾರುವವನು ತನಗಿಲ್ಲದ ಹಕ್ಕನ್ನು ಕೊಳ್ಳುವವನಿಗೆ ಕೊಡಲಾರ. ಕಳವಿನ ಮೊಬೈಲಿಗೆ ಪೂರ್ಣ ಬೆಲೆ ತೆತ್ತಿದ್ದರೂ ಅದು ಮೂಲ ಮಾಲೀಕನದೇ. ಸಂಸ್ಥೆಯ ಲ್ಯಾಪ್‌ಟಾಪನ್ನು ನೌಕರನು ಮಾರಿದಾಗಲೂ ಇದೇ ತೊಡಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ, ಕಳವಿನ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದು ಅಪ್ರಾಮಾಣಿಕವಾಗಿ ಪಡೆದವರಿಗೆ 3 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಉಂಟು. ‘ನಂಬಲು ಕಾರಣ’ ಎಂಬ ಮಾತು ಮುಖ್ಯ. ಅಸಹಜವಾದ ಅಗ್ಗದ ಬೆಲೆಯೂ ಬಿಲ್ಲಿನ ಅಭಾವವೂ ನಮಗೆ ವಿರುದ್ಧವಾಗಿ ನಿಲ್ಲಬಹುದು.

2. ಆದಾಯ ತೆರಿಗೆ: ವ್ಯಾಪಾರದ ಬಳಕೆಗೆಂದು ಕೊಂಡ ಉಪಕರಣಕ್ಕೆ ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ, ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರದು, ಸವಕಳಿಯೂ ಸಿಗದು. ಪಾಲುದಾರಿಕೆ ಸಂಸ್ಥೆಯೊಂದು ರೂ. 24,000ಕ್ಕೆ ಲ್ಯಾಪ್‌ಟಾಪ್ ಕೊಂಡು ಬ್ಯಾಂಕ್ ಮೂಲಕ ಪಾವತಿಸಿತೆಂದು ಭಾವಿಸೋಣ. ವರ್ಷದಲ್ಲಿ 180 ದಿನಗಳಾದರೂ ಬಳಸಿದ್ದರೆ ಶೇ. 40ರಂತೆ ಸವಕಳಿ ರೂ. 9,600, ಶೇ. 30ರ ದರದಲ್ಲಿ ತೆರಿಗೆ ಉಳಿತಾಯ ರೂ. 2,880. ಇಡೀ ಹಣವನ್ನು ಒಂದೇ ದಿನ ನಗದಾಗಿ ಕೊಟ್ಟಿದ್ದರೆ ಈ ಉಳಿತಾಯ ಶೂನ್ಯ.

3. ಜಿಎಸ್‌ಟಿ: ನೋಂದಣಿಯಿಲ್ಲದವರಿಂದ ಕೊಂಡ ಉಪಕರಣಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆದರೆ ಹಳೆಯ ಸರಕನ್ನೇ ಕೊಂಡು ಮಾರುವ ನೋಂದಾಯಿತ ವರ್ತಕರಿಗೆ ನಿಯಮ 32(5) ಅನುಕೂಲಕರವಾಗಿದೆ. ಖರೀದಿಯ ಮೇಲೆ ಕ್ರೆಡಿಟ್ ಪಡೆಯದೆ, ಸರಕಿನ ಸ್ವರೂಪ ಬದಲಿಸದೆ ಮಾರಿದರೆ ತೆರಿಗೆ ಕೇವಲ ಲಾಭಾಂಶದ ಮೇಲೆ. ರೂ. 8,000ಕ್ಕೆ ಕೊಂಡ ಮೊಬೈಲನ್ನು ತೆರಿಗೆ ಹೊರತು ರೂ. 9,500ಕ್ಕೆ ಮಾರಿದರೆ ಶೇ. 18ರ ತೆರಿಗೆ ರೂ. 1,500ರ ಮೇಲೆ, ಅಂದರೆ ರೂ. 270. ಖರೀದಿ ಬೆಲೆಗೆ ದಾಖಲೆ ಇಲ್ಲದಿದ್ದರೆ ಪೂರ್ಣ ಬೆಲೆಯ ಮೇಲೆ ರೂ. 1,710 ಕೇಳುವ ಸಂಭವವಿದೆ.

ಆದುದರಿಂದ ಖರೀದಿಗೆ ಮುನ್ನ ಈ ಕ್ರಮಗಳನ್ನು ಅನುಸರಿಸುವುದು ಲೇಸು:

(ಅ) ಮೂಲ ಬಿಲ್ಲಿನ ಹೆಸರು ಮತ್ತು ಕ್ರಮಸಂಖ್ಯೆಯನ್ನು ಉಪಕರಣದೊಂದಿಗೆ ತಾಳೆ ನೋಡುವುದು. ಕಂತಿನ ಸಾಲ ತೀರಿದೆಯೇ ಎಂದು ವಿಚಾರಿಸುವುದು.

(ಆ) ಮೊಬೈಲಿನಲ್ಲಿ *#06# ಒತ್ತಿ ಐಎಂಇಐ ಸಂಖ್ಯೆ ಪಡೆದು, ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ಯಲ್ಲಿ ಪರೀಕ್ಷಿಸುವುದು.

(ಇ) ಮಾರುವವರು ತಮ್ಮ ಖಾತೆ ಹಾಗೂ ಪಾಸ್‌ವರ್ಡನ್ನು ನಮ್ಮೆದುರೇ ತೆಗೆಯುವಂತೆ ನೋಡಿಕೊಳ್ಳುವುದು.

(ಈ) ಹೆಸರು, ವಿಳಾಸ, ಗುರುತುಪತ್ರದ ಪ್ರತಿ, ಕ್ರಮಸಂಖ್ಯೆ, ಬೆಲೆ ಹಾಗೂ ‘ಇದು ನನ್ನ ಸ್ವಂತದ್ದು’ ಎಂಬ ಘೋಷಣೆಯುಳ್ಳ ಖರೀದಿ ವೋಚರಿಗೆ ಸಹಿ ಪಡೆಯುವುದು.

(ಉ) ಮಾರುವವರ ಸ್ವಂತ ಬ್ಯಾಂಕ್ ಖಾತೆಗೇ ಹಣ ಕಳುಹಿಸುವುದು.

ಇಷ್ಟಕ್ಕೆ ಅರ್ಧ ಗಂಟೆ ಸಾಕು. ವೋಚರಿಗೆ ಸಹಿ ಹಾಕಲು ಒಪ್ಪದವರಿಂದ ಎಷ್ಟೇ ಅಗ್ಗವಾದರೂ ಕೊಳ್ಳದಿರುವುದೇ ಕ್ಷೇಮ.