ಸಾವಿರ ರೂಪಾಯಿಯ ಇಯರ್‌ಬಡ್ಸ್: ಪೆಟ್ಟಿಗೆ ಓದುವುದು ಹೇಗೆ, ಕಿವಿ ಉಳಿಸಿಕೊಳ್ಳುವುದು ಹೇಗೆ?

*ಆರೋಗ್ಯ ಮಾಲಿಕೆ: ಚೆನ್ನೈನ ಕನ್ನಡ ಕುಟುಂಬಗಳಿಗಾಗಿ*



ಮೊದಲೆಲ್ಲ ನಮ್ಮ ಮನೆಗಳಲ್ಲಿ ಇಯರ್ ಬಡ್ಸ್ ಅಂದರೆ ತುದಿಗೆ ಹತ್ತಿ ಸುತ್ತಿದ ಕಡ್ಡಿ. ಈಗ ಅದೇ ಹೆಸರಿಗೆ ಮಕ್ಕಳು ಬೇರೆಯದನ್ನೇ ಕೇಳುತ್ತಾರೆ. ತಂತಿಯಿಲ್ಲದ ಎರಡು ಪುಟ್ಟ ಇಯರ್‌ಫೋನ್, ಅವುಗಳನ್ನು ಇಡಲು ಒಂದು ಡಬ್ಬಿ. ರಿಚ್ಚಿ ಸ್ಟ್ರೀಟ್‌ಗೆ ಹೋದರೂ, ಆನ್‌ಲೈನ್ ನೋಡಿದರೂ 800ರಿಂದ 2,000 ರೂಪಾಯಿಯೊಳಗೆ ಹತ್ತಾರು ಮಾದರಿ ಸಿಗುತ್ತವೆ. ಬೋಟ್, ನಾಯ್ಸ್, ಬೌಲ್ಟ್, ಮಿವಿ, ರಿಯಲ್‌ಮಿ ಹೀಗೆ ಹೆಸರುಗಳೂ ಹಲವು.

ಇದನ್ನು ಬರೀ ಮೊಬೈಲ್ ಸಾಮಾನು ಅಂದುಕೊಳ್ಳಬೇಡಿ. ಚಪ್ಪಲಿ ಕಾಲಿಗೆ, ಕನ್ನಡಕ ಕಣ್ಣಿಗೆ ಹೇಗೋ ಇದು ಕಿವಿಗೆ ಹಾಗೆ. ಊರಲ್ಲಿರುವ ಅಮ್ಮನ ಜೊತೆ ಅರ್ಧ ಗಂಟೆ ಮಾತು, ಲೋಕಲ್ ರೈಲಿನಲ್ಲಿ ಹಾಡು, ರಾತ್ರಿ ಒಂದು ಸಿನಿಮಾ. ಇಷ್ಟೂ ಹೊತ್ತು ಅದು ನಿಮ್ಮ ಕಿವಿಯೊಳಗೇ ಇರುತ್ತದೆ. ಆದ್ದರಿಂದ ಈ ಕಂತಿನಲ್ಲಿ ಎರಡು ವಿಷಯ ನೋಡೋಣ: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಬಳಸಬೇಕು.

*1. ಮೊದಲು ಕಿವಿಯ ಲೆಕ್ಕ*

ಕಿವಿಯ ತಮಟೆಯ ಒಳಗಡೆ ಬಸವನಹುಳುವಿನ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರ ಹೆಸರು ಕಾಕ್ಲಿಯಾ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ಕೂದಲು ಕೋಶಗಳಿವೆ. ಶಬ್ದ ಬಂದಾಗ ಇವು ಗದ್ದೆಯ ಪೈರಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತವೆ. ಆದರೆ ದನ ನುಗ್ಗಿ ತುಳಿದ ಪೈರು ಏಳುವುದಿಲ್ಲ. ಜೋರು ಶಬ್ದ ದಿನವೂ ಬಿದ್ದರೆ ಈ ಕೋಶಗಳ ಗತಿಯೂ ಅದೇ. ಒಮ್ಮೆ ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಮಿತಿ ಹೀಗಿದೆ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಶಬ್ದ 3 ಡೆಸಿಬೆಲ್ ಹೆಚ್ಚಾದಂತೆಲ್ಲ ಕೇಳಬಹುದಾದ ಸಮಯ ಅರ್ಧವಾಗುತ್ತದೆ. ದೊಡ್ಡವರ ಲೆಕ್ಕ ನೋಡಿ:

80 ಡೆಸಿಬೆಲ್ – ವಾರಕ್ಕೆ 40 ಗಂಟೆ
83 ಡೆಸಿಬೆಲ್ – 20 ಗಂಟೆ
86 ಡೆಸಿಬೆಲ್ – 10 ಗಂಟೆ
89 ಡೆಸಿಬೆಲ್ – 5 ಗಂಟೆ
95 ಡೆಸಿಬೆಲ್ – ಒಂದೂಕಾಲು ಗಂಟೆ
101 ಡೆಸಿಬೆಲ್ – ಸುಮಾರು 20 ನಿಮಿಷ, ಅದೂ ಇಡೀ ವಾರಕ್ಕೆ!

ಪೂರ್ತಿ ವಾಲ್ಯೂಮ್ ಇಟ್ಟರೆ 100 ಡೆಸಿಬೆಲ್ ಮೀರಬಲ್ಲ ಇಯರ್‌ಫೋನ್‌ಗಳು ಬೇಕಾದಷ್ಟಿವೆ.

ಈಗ ನಿಮ್ಮ ದಿನಚರಿಗೆ ಹಾಕಿ ನೋಡಿ. ತಾಂಬರಂನಿಂದ ಬೀಚ್ ಸ್ಟೇಷನ್‌ಗೆ ಲೋಕಲ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಹೋಗಿ ಬಂದರೆ ಎರಡು ಗಂಟೆ, ಆರು ದಿನಕ್ಕೆ 12 ಗಂಟೆ. 83 ಡೆಸಿಬೆಲ್‌ನಲ್ಲಿ ಕೇಳಿದರೆ ಮಿತಿಯೊಳಗೇ ಇದ್ದೀರಿ. 86ಕ್ಕೆ ಏರಿಸಿದರೆ ಮಿತಿ ದಾಟಿದಿರಿ. ಈ ಎರಡರ ನಡುವಿನ ವ್ಯತ್ಯಾಸ ನಿಮ್ಮ ಕಿವಿಗೆ ದೊಡ್ಡದೆಂದು ಅನ್ನಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ.

*2. ಪೆಟ್ಟಿಗೆಯ ಮೇಲಿನ ಮಾತುಗಳ ಅರ್ಥ*

*ಇಎನ್‌ಸಿ ಮತ್ತು ಎಎನ್‌ಸಿ:* ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಇಎನ್‌ಸಿ ಇರುವುದು ಮೈಕಿಗೆ. ನೀವು ಮಾತಾಡುವಾಗ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕಡಿಮೆ ಕೇಳಿಸುತ್ತದೆ, ಅಷ್ಟೇ. *ನಿಮ್ಮ* ಕಿವಿಗೆ ಗದ್ದಲ ಕಡಿಮೆ ಮಾಡುವುದು ಎಎನ್‌ಸಿ. ಕಡಿಮೆ ಬೆಲೆಯ ಪೆಟ್ಟಿಗೆಗಳ ಮೇಲೆ ದೊಡ್ಡದಾಗಿ ಇರುವುದು ಹೆಚ್ಚಾಗಿ ಇಎನ್‌ಸಿ. ಅದನ್ನು ನಂಬಿ ಕೊಂಡವರು ರೈಲಿನಲ್ಲಿ ಗದ್ದಲ ಕಡಿಮೆಯಾಗದ್ದನ್ನು ಕಂಡು ವಾಲ್ಯೂಮ್ ಏರಿಸುತ್ತಾರೆ.

*40 ಗಂಟೆ ಬ್ಯಾಟರಿ:* ಇದು ಡಬ್ಬಿಯ ಚಾರ್ಜ್ ಕೂಡ ಸೇರಿಸಿದ ಲೆಕ್ಕ. ಕಿವಿಯಲ್ಲಿ ಒಂದೇ ಸಲಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರೇಳು ಗಂಟೆ. ಪುಟ್ಟ ಬ್ಯಾಟರಿ ವರ್ಷ ಎರಡು ವರ್ಷದಲ್ಲಿ ಸೊರಗುತ್ತದೆ, ಬದಲಾಯಿಸಲು ಆಗುವುದಿಲ್ಲ. ಕಿವಿಗೆ ಬೇಕಾದ್ದು ದಿನಕ್ಕೆ ಒಂದೆರಡು ಗಂಟೆ ಮಾತ್ರ. ಆದ್ದರಿಂದ 40ಕ್ಕೂ 60ಕ್ಕೂ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

*ಐಪಿಎಕ್ಸ್4, ಐಪಿಎಕ್ಸ್5:* ನೀರಿನ ತಡೆ. 4 ಇದ್ದರೆ ಸಿಡಿಯುವ ನೀರನ್ನು, 5 ಇದ್ದರೆ ಚಿಮ್ಮುವ ನೀರನ್ನು ತಡೆಯುತ್ತದೆ. ಚೆನ್ನೈ ಬೆವರಿಗೆ ಕನಿಷ್ಠ 4 ಇರಲಿ. ಇದು ಸಾಮಾನ್ಯವಾಗಿ ಇಯರ್‌ಬಡ್ಸ್‌ಗೆ ಮಾತ್ರ, ಡಬ್ಬಿಗಲ್ಲ. ಒದ್ದೆ ಬಡ್ಸನ್ನು ಹಾಗೇ ಡಬ್ಬಿಗೆ ಹಾಕಿ ಚಾರ್ಜ್ ಮಾಡಬೇಡಿ.

*10 ಎಂಎಂ, 13 ಎಂಎಂ ಡ್ರೈವರ್:* ಒಳಗಿನ ಪುಟ್ಟ ಸ್ಪೀಕರಿನ ಅಗಲ. ದೊಡ್ಡದಾದರೆ ಒಳ್ಳೆಯದು ಅನ್ನುವುದು ಸುಳ್ಳು. ಬೇಸ್ ಗುಮ್ಮೆಂದರೆ ಮಾತಿನ ಅಕ್ಷರಗಳು ಅದರಡಿ ಮುಚ್ಚಿಹೋಗುತ್ತವೆ. ಆಗಲೂ ನಾವು ಮಾಡುವುದು ಒಂದೇ: ವಾಲ್ಯೂಮ್ ಏರಿಸುವುದು.

*ಬಿಐಎಸ್ ನೋಂದಣಿ:* ನಮ್ಮ ದೇಶದಲ್ಲಿ ವೈರ್‌ಲೆಸ್ ಇಯರ್‌ಫೋನ್ ಮಾರಲು ಬಿಐಎಸ್ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ಐಎಸ್ ಗುರುತು, ಜೊತೆಗೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಯಾರ ಹೆಸರಲ್ಲಿದೆ ಅಂತ ತೋರಿಸುತ್ತದೆ. ರಸ್ತೆ ಬದಿಯಲ್ಲಿ 250 ರೂಪಾಯಿಗೆ ದೊಡ್ಡ ಕಂಪನಿಯ ಹೆಸರು ಹಾಕಿ ಮಾರುವ ನಕಲಿ ಮಾಲಿನಲ್ಲಿ ಇದು ಇರುವುದಿಲ್ಲ, ಇದ್ದರೂ ಹೊಂದುವುದಿಲ್ಲ. ಒಳಗಿರುವುದು ಲಿಥಿಯಂ ಬ್ಯಾಟರಿ, ಇಟ್ಟುಕೊಳ್ಳುವುದು ಕಿವಿಯಲ್ಲಿ. 300 ರೂಪಾಯಿ ಉಳಿಸಲು ಹೋಗಬೇಡಿ.

*3. ಹತ್ತು ನಿಮಿಷದ ಪರೀಕ್ಷೆ*

ಬೆಲೆ ಎಷ್ಟೇ ಇರಲಿ, ಆರೋಗ್ಯದ ದೃಷ್ಟಿಯಿಂದ ಮುಖ್ಯವಾದದ್ದು ಒಂದೇ: *ಅದು ನಿಮ್ಮ ಕಿವಿಗೆ ಸರಿಯಾಗಿ ಕೂರುತ್ತದೆಯೇ?* ಸರಿಯಾಗಿ ಕೂತರೆ ಹೊರಗಿನ ಗದ್ದಲ ತಾನಾಗಿಯೇ ಕಡಿಮೆಯಾಗುತ್ತದೆ. ಗದ್ದಲ ಕಡಿಮೆಯಾದರೆ ಕಡಿಮೆ ವಾಲ್ಯೂಮ್ ಸಾಕು.

– ಪೆಟ್ಟಿಗೆಯಲ್ಲಿ ಮೂರು ಅಳತೆಯ ಸಿಲಿಕಾನ್ ತುದಿಗಳಿರುತ್ತವೆ. ನಡುವಿನದು ಹಾಕಿಯೇ ಬಂದಿರುತ್ತದೆ, ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಮೂರನ್ನೂ ಹಾಕಿ ನೋಡಿ. ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗಲೂಬಹುದು.
– ಹಾಡು ಹಾಕದೆ, ಕಿವಿಯ ಪಕ್ಕ ಚಿಟಿಕೆ ಹೊಡೆಯಿರಿ. ಶಬ್ದ ಮಂದವಾದರೆ ತುದಿ ಸರಿಯಾಗಿದೆ.
– ಬಾಯಿ ತೆರೆದು ಮುಚ್ಚಿ, ತಲೆ ಅಲ್ಲಾಡಿಸಿ. ಜಾರಬಾರದು, ಒತ್ತಲೂಬಾರದು. ಹತ್ತು ನಿಮಿಷದಲ್ಲೇ ನೋವು ಬಂದರೆ ಅದು ನಿಮ್ಮದಲ್ಲ.
– ಫ್ಯಾನ್ ಹಾಕಿಕೊಂಡು, ಅರ್ಧ ವಾಲ್ಯೂಮಿನಲ್ಲಿ ಯಾರಾದರೂ ಮಾತಾಡುವ ವಿಡಿಯೋ ಕೇಳಿ. ಪ್ರತಿ ಪದ ತಿಳಿಯಬೇಕು. ಹಾಡಿಗಿಂತ ಮಾತು ಒಳ್ಳೆಯ ಪರೀಕ್ಷೆ.
– ಊರಿಗೆ ಒಂದು ಫೋನ್ ಮಾಡಿ. 'ನನ್ನ ಮಾತು ಹೇಗೆ ಕೇಳಿಸ್ತಾ ಇದೆ?' ಅಂತ ಕೇಳಿ. ಬಾಲ್ಕನಿಗೆ ಬಂದು ಮತ್ತೊಮ್ಮೆ ಕೇಳಿ.

ಆನ್‌ಲೈನ್ ತರಿಸುವವರು ವಾಪಸ್ ಮಾಡುವ ನಿಯಮ ಮೊದಲೇ ಓದಿ. ಕಿವಿಗೆ ಹಾಕಿದ ಸಾಮಾನನ್ನು ವಾಪಸ್ ತೆಗೆದುಕೊಳ್ಳದ ಅಂಗಡಿಗಳೂ ಇವೆ.

*4. ಬಳಸುವ ನಿಯಮ*

60–60 ನೆನಪಿಡಿ: ವಾಲ್ಯೂಮ್ 60 ಶೇಕಡಾ ಮೀರಬಾರದು, 60 ನಿಮಿಷ ಆದ ಮೇಲೆ ಕಿವಿಗೆ ಬಿಡುವು ಕೊಡಬೇಕು. ಪ್ರತಿ ಇಯರ್‌ಫೋನಿನ 60 ಶೇಕಡಾ ಒಂದೇ ಅಲ್ಲ. ಅದಕ್ಕೇ ಇನ್ನೊಂದು ಪರೀಕ್ಷೆ: ಕೈ ಚಾಚಿದಷ್ಟು ದೂರದಲ್ಲಿ ನಿಂತವರು ಸಾಧಾರಣ ದನಿಯಲ್ಲಿ ಕರೆದರೆ ನಿಮಗೆ ಕೇಳಿಸಬೇಕು. ನಮ್ಮ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರಲ್ಲಿ ಕೊಟ್ಟ ಸಲಹೆಯಲ್ಲಿ ದಿನಕ್ಕೆ 2 ಗಂಟೆ ಮೀರದಂತೆ, ನಡುನಡುವೆ ಬಿಡುವು ಕೊಟ್ಟು ಬಳಸಿ ಎಂದಿದೆ.

ಮಕ್ಕಳ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯ ಇದೆಯೇ ನೋಡಿ, ಇದ್ದರೆ ಇವತ್ತೇ ಹಾಕಿ. ಹಾಗೇ ಕಿವಿಗೆ ಹಾಕಿಕೊಂಡು ನಿದ್ದೆ ಹೋಗುವ ಅಭ್ಯಾಸ ಬಿಡಿಸಿ.

*5. ಚೆನ್ನೈ ಬೆವರು, ಕಿವಿಯ ಬೂಷ್ಟು*

ನಮ್ಮ ಊರಿನ ತಂಪು ಇಲ್ಲಿಲ್ಲ. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲಿರಲಿ, ಅಕ್ಟೋಬರ್ ನಂತರದ ಮಳೆಯಿರಲಿ, ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಬೆವರಿದ ಕಿವಿಗೆ ಗಂಟೆಗಟ್ಟಲೆ ಬಿರಡೆ ಹಾಕಿದರೆ ಒಳಗೆ ಫಂಗಸ್ ಬೆಳೆಯಲು ಅನುಕೂಲ. ತಡೆಯಲಾರದ ತುರಿಕೆ, ಕಿವಿ ಕಟ್ಟಿದಂತಾಗುವುದು, ಸೋರುವುದು ಇದರ ಲಕ್ಷಣ.

– ಸ್ನಾನ ಮಾಡಿದ ಕೂಡಲೇ, ಕಿವಿ ಒದ್ದೆ ಇರುವಾಗ ಹಾಕಬೇಡಿ.
– ವಾರಕ್ಕೊಮ್ಮೆ ಸಿಲಿಕಾನ್ ತುದಿ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬಡ್ಸಿನ ಜಾಲರಿಯನ್ನು ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ.
– ಅಣ್ಣ ತಮ್ಮ ಆದರೂ ಒಂದೇ ಜೊತೆ ಹಂಚಿಕೊಳ್ಳಬೇಡಿ. ಪಿ.ಜಿ.ಯಲ್ಲಿರುವ ಮಕ್ಕಳಿಗೆ ಇದನ್ನು ಒತ್ತಿ ಹೇಳಿ.
– ತುರಿಕೆಗೆ ಬಿಸಿ ಎಣ್ಣೆ, ಪಿನ್ನು, ಬೆಂಕಿಕಡ್ಡಿ ಬೇಡವೇ ಬೇಡ. ವಾಸಿಯಾಗುವವರೆಗೆ ಬಡ್ಸ್ ಬಿಟ್ಟುಬಿಡಿ, ಕಿವಿ ಡಾಕ್ಟರರಿಗೆ ತೋರಿಸಿ.

*6. ರಸ್ತೆ ಮತ್ತು ರೈಲು ಹಳಿ*

2023ರ ಅಕ್ಟೋಬರಿನಲ್ಲಿ, ರಜೆಗೆಂದು ಕರ್ನಾಟಕದಿಂದ ಇಲ್ಲಿಗೆ, ದುಡಿಯುತ್ತಿದ್ದ ಅಪ್ಪ ಅಮ್ಮನ ಬಳಿಗೆ ಬಂದ ಮೂವರು ಹುಡುಗರು ಊರಪಾಕ್ಕಂ ಹತ್ತಿರ ಹಳಿಯ ಮೇಲೆ ರೈಲಿಗೆ ಸಿಕ್ಕಿ ತೀರಿಕೊಂಡರು. ಶ್ರವಣ ಮತ್ತು ಮಾತಿನ ತೊಂದರೆ ಇದ್ದ ಮಕ್ಕಳು. ಅದು ಇಯರ್‌ಫೋನಿನಿಂದ ಆದದ್ದಲ್ಲ. ರೈಲಿನ ಶಬ್ದ ಕೇಳಿಸದಿದ್ದರೆ ಏನಾಗುತ್ತದೆ ಅನ್ನುವುದನ್ನು ಆ ಮನೆಯ ದುಃಖ ನಮಗೆ ಹೇಳುತ್ತದೆ. ಕೇಳುವ ಕಿವಿ ಇರುವ ನಾವು ಅದನ್ನು ನಾವಾಗಿಯೇ ಮುಚ್ಚಿಕೊಂಡು ಹಳಿ ದಾಟಬಾರದು.

ರೈಲಿನೊಳಗೆ ಕೂತಾಗ ಹೊರಗಿನ ಶಬ್ದ ಮುಚ್ಚುವ ಬಡ್ಸ್ ಒಳ್ಳೆಯದು. ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ತೆಗೆದು ಡಬ್ಬಿಗೆ ಹಾಕಿ. ನಡೆಯುವಾಗ, ಸೈಕಲ್, ಸ್ಕೂಟರ್ ಓಡಿಸುವಾಗ ಎರಡೂ ಬೇಡ, ಒಂದೂ ಬೇಡ.

*7. ಗುಂಪುಗಳಲ್ಲಿ ಬರುವ ಎರಡು ಮಾತು*

*'ಬ್ಲೂಟೂತ್‌ನಿಂದ ಮೆದುಳಿನ ಕ್ಯಾನ್ಸರ್':* ಬ್ಲೂಟೂತ್ ಕಿರಣದ ಶಕ್ತಿ ಫೋನಿಗಿಂತ ಬಹಳ ಕಡಿಮೆ. ಎಕ್ಸ್‌ರೇ ತರಹ ಜೀವಕೋಶವನ್ನು ಸೀಳುವ ಜಾತಿಯದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಫೋನಿಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬಂದಿಲ್ಲ. ಹೆದರಬೇಕಾದ್ದು ಕಿರಣಕ್ಕಲ್ಲ, ವಾಲ್ಯೂಮಿಗೆ.

*'ಹೆಡ್‌ಫೋನಿನಿಂದ ಅಲ್ಕಾ ಯಾಜ್ಞಿಕ್ ಕಿವಿ ಹೋಯಿತು':* 2024ರ ಜೂನ್‌ನಲ್ಲಿ ಆ ಗಾಯಕಿಯೇ ತಿಳಿಸಿದಂತೆ, ವೈದ್ಯರು ಗುರುತಿಸಿದ ಕಾರಣ ವೈರಸ್ ದಾಳಿ. ಜೋರು ಸಂಗೀತ, ಹೆಡ್‌ಫೋನಿನ ಬಗ್ಗೆ ಎಚ್ಚರವಾಗಿರಿ ಅಂತಲೂ ಅವರು ಕೇಳಿಕೊಂಡರು. ಎರಡನ್ನೂ ಬೆರೆಸಬೇಡಿ. ಅವರ ಅನುಭವದಿಂದ ಕಲಿಯಬೇಕಾದ ಪಾಠ ಬೇರೆ: *ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ತುರ್ತು.* 'ಗುಗ್ಗೆ ಕಟ್ಟಿರಬೇಕು, ನಾಳೆ ನೋಡೋಣ' ಅನ್ನಬೇಡಿ. ಅಂದೇ ಹೋಗಿ. ಮೊದಲ ಕೆಲವು ದಿನಗಳಲ್ಲಿ ಔಷಧ ಶುರುವಾದರೆ ಕೇಳಿಸುವ ಶಕ್ತಿ ಮರಳುವ ಸಾಧ್ಯತೆ ಹೆಚ್ಚು.

*8. ಯಾವಾಗ, ಎಲ್ಲಿ ತೋರಿಸಬೇಕು?*

ಕಿವಿಯಲ್ಲಿ ಗುಯ್ ಅನ್ನುವ ಸದ್ದು ಒಂದು ದಿನದಲ್ಲಿ ನಿಲ್ಲದಿದ್ದರೆ, ಪದೇ ಪದೇ 'ಏನಂದೆ?' ಅಂತ ಕೇಳುವಂತಾದರೆ, ಗದ್ದಲದಲ್ಲಿ ಮಾತು ತಿಳಿಯದಿದ್ದರೆ ಪರೀಕ್ಷೆ ಮಾಡಿಸಿ. ಅಜ್ಜ ಅಜ್ಜಿಗೆ ಟಿ.ವಿ. ಕೇಳಿಸುತ್ತಿಲ್ಲವೆಂದು ಬಡ್ಸ್ ಕೊಟ್ಟು ವಾಲ್ಯೂಮ್ ಏರಿಸಬೇಡಿ. ಅವರಿಗೆ ಬೇಕಾದ್ದು ಶ್ರವಣ ಪರೀಕ್ಷೆ.

ಚೆನ್ನೈನಲ್ಲಿ ಸೆಂಟ್ರಲ್ ಸ್ಟೇಷನ್ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಸ್ಟಾನ್ಲಿ ಆಸ್ಪತ್ರೆ, ಕೀಳ್ಪಾಕ್ ಆಸ್ಪತ್ರೆಗಳಲ್ಲಿ ಕಿವಿ ಮೂಗು ಗಂಟಲು ವಿಭಾಗವಿದೆ. ಅಲ್ಲಿ ತಮಿಳಿನಲ್ಲಿ 'ಕಾದು ಮೂಕ್ಕು ತೊಂಡೈ' ಅಂತ ಕೇಳಿ. ಹೊಸದಾಗಿ ಬಂದವರಿಗೆ ಮೂರು ಮಾತು:

ಕಿವಿ ನೋಯುತ್ತಿದೆ – ಕಾದು ವಲಿಕ್ಕುದು
ಕಿವಿ ಕೇಳಿಸುತ್ತಿಲ್ಲ – ಕಾದು ಕೇಕ್ಕಲೆ
ನಿನ್ನೆಯಿಂದ – ನೇತ್ತುಲೇರ್ಂದು

ಊರಿಗೆ ಹೋದಾಗ ಕನ್ನಡದಲ್ಲೇ ಎಲ್ಲ ಹೇಳಿಕೊಂಡು ತೋರಿಸಬೇಕು ಅನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಆದರೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದೆ ಹೋದರೆ ಊರಿಗೆ ಹೋಗುವ ದಿನಕ್ಕೆ ಕಾಯಬೇಡಿ, ಇಲ್ಲೇ ತೋರಿಸಿ.

*ಇವತ್ತೇ ಮಾಡಬಹುದಾದ ಮೂರು ಕೆಲಸ*

1. ಮನೆಯಲ್ಲಿರುವ ಎಲ್ಲ ಇಯರ್‌ಬಡ್ಸ್ ತುದಿ ಬಿಚ್ಚಿ ತೊಳೆಯಿರಿ, ಸರಿಯಾದ ಅಳತೆ ಹಾಕಿ.
2. ಮಕ್ಕಳು ಹಾಡು ಕೇಳುತ್ತಿರುವಾಗ ಕೈಯಳತೆ ದೂರದಲ್ಲಿ ನಿಂತು ಸಾಧಾರಣ ದನಿಯಲ್ಲಿ ಹೆಸರು ಕರೆಯಿರಿ. ತಿರುಗಿ ನೋಡದಿದ್ದರೆ ವಾಲ್ಯೂಮ್ ಹೆಚ್ಚಾಗಿದೆ.
3. ರಾತ್ರಿ ಊರಿಗೆ ಮಾಡುವ ಫೋನನ್ನು ಒಂದು ದಿನ ಸ್ಪೀಕರ್‌ನಲ್ಲಿ ಹಾಕಿ. ಅಜ್ಜಿಯ ದನಿ ಮನೆಯವರೆಲ್ಲ ಕೇಳಲಿ.

ಬಡ್ಸ್ ಹಾಳಾದರೆ ಸಾವಿರ ರೂಪಾಯಿಗೆ ಇನ್ನೊಂದು ಬರುತ್ತದೆ. ಕಿವಿ ಬರುವುದಿಲ್ಲ.

ಇದು ತಿಳಿವಳಿಕೆಗಾಗಿ ಬರೆದದ್ದು, ವೈದ್ಯರ ಸಲಹೆಗೆ ಬದಲಿ ಅಲ್ಲ. ಉಪಯೋಗ ಅನ್ನಿಸಿದರೆ ನಿಮ್ಮ ಮನೆಯ ಗುಂಪಿಗೂ, ಮುಖ್ಯವಾಗಿ ಹಾಸ್ಟೆಲ್, ಪಿ.ಜಿ.ಯಲ್ಲಿರುವ ಮಕ್ಕಳಿಗೂ ಕಳಿಸಿ. ಮುಂದಿನ ಕಂತಿನಲ್ಲಿ ಭೇಟಿಯಾಗೋಣ.