ಇ-ಮೇಲ್‌ನಲ್ಲಿ ಬಂದ ಚಿತ್ರ ಮೊಬೈಲಿನಲ್ಲಿ ಮೂಡದಿದ್ದರೆ: ಕಾರಣಗಳು ಮತ್ತು ಪರಿಹಾರ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ತೊಗರಿ, ಕಡಲೆ, ಹಿಂಗಾರಿ ಜೋಳ ಮುಖ್ಯ ಬೆಳೆಗಳು. ಇಂಡಿ ಭಾಗದ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಈ ಭಾಗದ ಅನೇಕ ರೈತರ ಕೈಯಲ್ಲಿ ಈಗ ಸ್ಮಾರ್ಟ್‌ಫೋನ್ ಇದೆ. ಬೆಳೆ ಸಲಹೆ, ಹವಾಮಾನ ವರದಿ, ಮಣ್ಣು ಪರೀಕ್ಷೆಯ ಫಲಿತಾಂಶ, ಖರೀದಿದಾರರ ಪತ್ರ ಇವು ಇ-ಮೇಲ್ ಮೂಲಕವೂ ಬರುತ್ತವೆ. ಆದರೆ ಪತ್ರ ತೆರೆದಾಗ ಅಕ್ಷರ ಮಾತ್ರ ಕಂಡು, ಚಿತ್ರವಿರಬೇಕಾದ ಜಾಗದಲ್ಲಿ ಬರಿಯ ಚೌಕಟ್ಟು ಉಳಿಯುವುದುಂಟು. ಇದಕ್ಕೆ ಕಾರಣಗಳೇನು, ಅವುಗಳನ್ನು ಕ್ರಮವಾಗಿ ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಿತ್ರ ಏಕೆ ಮುಖ್ಯ?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಹಳದಿಯಾದ ಎಲೆಗಳಿಗೆಲ್ಲ ಒಂದೇ ಕಾರಣವಿರುವುದಿಲ್ಲ. ಸುಣ್ಣದಂಶ ಹೆಚ್ಚಿರುವ ಜಮೀನಿನ ನಿಂಬೆ ತೋಟದಲ್ಲಿ ಕಬ್ಬಿಣದ ಕೊರತೆಯೂ ಸತುವಿನ ಕೊರತೆಯೂ ಕಾಣಿಸಿಕೊಳ್ಳಬಹುದು. ಎರಡರಲ್ಲೂ ಎಲೆಯ ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಎಳೆಯ ಎಲೆ ಬಿಳಿಚಿಕೊಂಡು, ಅದರ ಮೇಲೆ ಹಸಿರು ನರಗಳು ಸಣ್ಣ ಬಲೆಯಂತೆ ಕಾಣುತ್ತವೆ. ಸತುವಿನ ಕೊರತೆಯಲ್ಲಿ ಎಲೆಗಳು ಚಿಕ್ಕವಾಗಿ, ಕಿರಿದಾಗಿ, ಒತ್ತೊತ್ತಾಗಿ ಬರುತ್ತವೆ. ಸಲಹೆಯಲ್ಲಿ "ಚಿತ್ರ 1ರಂತಿದ್ದರೆ ಇದನ್ನು, ಚಿತ್ರ 2ರಂತಿದ್ದರೆ ಅದನ್ನು ಸಿಂಪಡಿಸಿ" ಎಂದು ಬರೆದಿದ್ದು, ಆ ಚಿತ್ರಗಳೇ ಮೂಡದಿದ್ದರೆ ಬೆಳೆಗಾರನು ಊಹೆಯ ಮೇಲೆ ಔಷಧಿ ತರಬೇಕಾಗುತ್ತದೆ.

ತೊಗರಿಯ ವಿಷಯವೂ ಹೀಗೆಯೇ. ಗೊಡ್ಡು ರೋಗ ನಂಜಾಣುವಿನಿಂದ ಬಂದು ನುಸಿಯ ಮೂಲಕ ಹರಡುತ್ತದೆ. ಸೊರಗು ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಗೊಡ್ಡು ರೋಗಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರೆ ದುಡ್ಡೂ ದಂಡ, ದಿನಗಳೂ ದಂಡ. ಆದ್ದರಿಂದ ಚಿತ್ರ ಕಾಣದಿರುವುದನ್ನು ಸಣ್ಣ ತೊಂದರೆ ಎಂದು ಬಿಡಬಾರದು.

ಚಿತ್ರ ಬರುವ ಬಗೆ

ಇ-ಮೇಲ್‌ನಲ್ಲಿ ಚಿತ್ರ ಎರಡು ಬಗೆಯಾಗಿ ಬರುತ್ತದೆ. ಮೊದಲನೆಯದು, ಪತ್ರದ ಜೊತೆಯಲ್ಲೇ ಬರುವ ಚಿತ್ರ. ಇದು ಅಕ್ಷರಗಳ ನಡುವೆ ಕೂಡಿಸಿದ್ದಿರಬಹುದು ಅಥವಾ ಪತ್ರದ ಕೆಳಗೆ ಲಗತ್ತಿಸಿದ್ದಿರಬಹುದು. ಎರಡನೆಯದು, ದೂರದ ಗಣಕದಲ್ಲಿ ಇಟ್ಟಿರುವ ಚಿತ್ರ. ಇಲ್ಲಿ ಪತ್ರದೊಳಗೆ ಇರುವುದು ಚಿತ್ರದ ವಿಳಾಸ ಮಾತ್ರ. ಪತ್ರ ತೆರೆದಾಗ ಫೋನು ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತರಬೇಕು. ಬಾವಿಯ ನೀರು ಮನೆಗೆ ಬರಬೇಕಾದರೆ ಬಾವಿಯಲ್ಲಿ ನೀರಿರಬೇಕು, ಪೈಪು ಸರಿಯಿರಬೇಕು, ಮನೆಯ ನಲ್ಲಿಯೂ ತೆರೆದಿರಬೇಕು. ಚಿತ್ರದ ವಿಷಯದಲ್ಲೂ ಕಳುಹಿಸಿದವರು, ನೆಟ್‌ವರ್ಕ್ ಮತ್ತು ಫೋನು ಈ ಮೂರೂ ಸರಿಯಿರಬೇಕು.

ಮೊದಲ ಪರೀಕ್ಷೆ

ಒಂದು ಗಿಡ ಒಣಗಿದರೆ ಆ ಗಿಡವನ್ನು ನೋಡಬೇಕು. ಸಾಲೆಲ್ಲ ಒಣಗಿದರೆ ನೀರನ್ನು ನೋಡಬೇಕು. ಅಂತೆಯೇ ಚಿತ್ರವಿರುವ ಬೇರೆ ಎರಡು ಮೂರು ಪತ್ರಗಳನ್ನು ತೆರೆದು ನೋಡಬೇಕು. ಯಾವುದರಲ್ಲೂ ಚಿತ್ರ ಬಾರದಿದ್ದರೆ ದೋಷ ಫೋನಿನಲ್ಲಿ ಅಥವಾ ನೆಟ್‌ವರ್ಕ್‌ನಲ್ಲಿದೆ. ಒಂದೇ ಪತ್ರದಲ್ಲಿ ಬಾರದಿದ್ದರೆ ದೋಷ ಬಹುಮಟ್ಟಿಗೆ ಆ ಪತ್ರದಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಎಲ್ಲ ಪತ್ರಗಳಲ್ಲೂ ಚಿತ್ರ ಬಾರದಿದ್ದರೆ

1. ನೆಟ್‌ವರ್ಕ್: ಫೋನಿನ ಮೇಲ್ತುದಿಯಲ್ಲಿ 4ಜಿ ಅಥವಾ 5ಜಿ ಎಂದು ಇದೆಯೇ, ಅಥವಾ 'ಇ' ಅಕ್ಷರ ಮಾತ್ರ ಇದೆಯೇ ನೋಡಬೇಕು. 'ಇ' ಎಂದರೆ ಹಳೆಯ, ನಿಧಾನದ ಸಂಪರ್ಕ. ಸೆಕೆಂಡಿಗೆ 100 ಕಿಲೋಬಿಟ್ ವೇಗವಿದ್ದಾಗ 4 ಎಂ.ಬಿ. ತೂಕದ ಒಂದು ಚಿತ್ರ ಬರಲು ಐದು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಅಕ್ಷರಗಳು ಹಗುರವಾದ್ದರಿಂದ ಬೇಗ ಬರುತ್ತವೆ, ಚಿತ್ರ ಹಿಂದುಳಿಯುತ್ತದೆ. ಎತ್ತರದ ಜಾಗಕ್ಕೆ ಬಂದು ಅಥವಾ ಮನೆಯ ವೈಫೈಗೆ ಸೇರಿಸಿ ಮತ್ತೆ ನೋಡಬೇಕು. ದಿನದ ಡೇಟಾ ಮುಗಿದಿದ್ದರೂ ಇದೇ ಲಕ್ಷಣ ಕಂಡುಬರುತ್ತದೆ.

2. ಡೇಟಾ ಸೇವರ್: ಡೇಟಾ ಉಳಿಸಲೆಂದು ಇದನ್ನು ಹಾಕಿಟ್ಟಿರುವುದುಂಟು. ಇದು ಚಾಲೂ ಇದ್ದರೆ ಕೆಲವು ಆಪ್‌ಗಳಲ್ಲಿ ಚಿತ್ರದ ಜಾಗವನ್ನು ಬೆರಳಿನಿಂದ ಒತ್ತುವವರೆಗೆ ಚಿತ್ರ ಬರುವುದಿಲ್ಲ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಇದನ್ನು ತೆಗೆದು ಪರೀಕ್ಷಿಸಬೇಕು.

3. ಇ-ಮೇಲ್ ಆಪ್‌ನ ಸೆಟ್ಟಿಂಗ್: ಜಿಮೇಲ್ ಆಪ್‌ನಲ್ಲಿ ಎಡತುದಿಯ ಮೂರು ಗೆರೆಗಳನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ತಮ್ಮ ಖಾತೆಯನ್ನು ಆರಿಸಿ, 'ಇಮೇಜಸ್' ಎಂಬ ಸಾಲನ್ನು ನೋಡಬೇಕು. ಅಲ್ಲಿ 'ಕೇಳಿದ ಮೇಲೆ ತೋರಿಸು' ಎಂಬ ಅರ್ಥದ ಆಯ್ಕೆ ಇದ್ದರೆ, ದೂರದ ಗಣಕದ ಚಿತ್ರಗಳು ತಾವಾಗಿ ಬರುವುದಿಲ್ಲ. ಆಗ ಪತ್ರದ ಮೇಲ್ಭಾಗದಲ್ಲಿ 'ಶೋ ಪಿಕ್ಚರ್ಸ್' ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಸಾಕು. ಐಫೋನ್‌ನಲ್ಲಿ ಮೇಲ್ ಆಪ್‌ನ ಸೆಟ್ಟಿಂಗ್‌ನಲ್ಲಿ ಇಂಥದೇ ಆಯ್ಕೆ ಇದೆ.

4. ದಿನಾಂಕ ಮತ್ತು ಸಮಯ: ಬ್ಯಾಟರಿ ಪೂರ್ತಿ ಇಳಿದ ಮೇಲೆ ಕೆಲವು ಹಳೆಯ ಫೋನುಗಳಲ್ಲಿ ದಿನಾಂಕ ತಪ್ಪುವುದುಂಟು. ದೂರದ ಗಣಕವು ನಂಬಿಕೆಗೆ ಅರ್ಹವೇ ಎಂದು ಫೋನು ಅದರ ಪ್ರಮಾಣಪತ್ರದ ಅವಧಿ ನೋಡಿ ನಿರ್ಧರಿಸುತ್ತದೆ. ದಿನಾಂಕ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವನ್ನೂ ಫೋನು ತಿರಸ್ಕರಿಸುತ್ತದೆ. ದಿನಾಂಕವು ತಾನಾಗಿ ಹೊಂದಿಕೊಳ್ಳುವಂತೆ ಸೆಟ್ಟಿಂಗ್ ಇಡುವುದು ಒಳ್ಳೆಯದು.

5. ಜಾಗದ ಕೊರತೆ: ವೀಡಿಯೋ, ಹಾಡುಗಳಿಂದ ಫೋನಿನ ಮೆಮೊರಿ ತುಂಬಿದ್ದರೆ ಲಗತ್ತಿಸಿದ ಚಿತ್ರ ಇಳಿಯುವುದಿಲ್ಲ. ಬೇಡವಾದುದನ್ನು ಅಳಿಸಬೇಕು.

6. ಆಪ್‌ನ ಶುದ್ಧೀಕರಣ: ಸೆಟ್ಟಿಂಗ್ಸ್‌ನಲ್ಲಿ ಇ-ಮೇಲ್ ಆಪ್‌ನ ಸ್ಟೋರೇಜ್ ಭಾಗಕ್ಕೆ ಹೋಗಿ 'ಕ್ಲಿಯರ್ ಕ್ಯಾಷ್' ಒತ್ತಬೇಕು. ಪಕ್ಕದಲ್ಲೇ ಇರುವ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಒತ್ತಬಾರದು. ಕಳುಹಿಸದೆ ಉಳಿದ ಪತ್ರಗಳು ಅದರಿಂದ ಹೋಗಬಹುದು. ಅನಂತರ ಪ್ಲೇ ಸ್ಟೋರ್‌ನಲ್ಲಿ ಇ-ಮೇಲ್ ಆಪ್ ಮತ್ತು 'ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ' ಎರಡನ್ನೂ ಅಪ್‌ಡೇಟ್ ಮಾಡಬೇಕು. 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂನ ದೋಷದಿಂದಲೇ ಜಿಮೇಲ್ ಸೇರಿದಂತೆ ಅನೇಕ ಆಪ್‌ಗಳು ತಾವಾಗಿ ಮುಚ್ಚಿಕೊಂಡಿದ್ದವು. ಅಪ್‌ಡೇಟ್ ಮಾಡಿದ ಮೇಲೆ ಸರಿಹೋದವು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪತ್ರವನ್ನು ಮತ್ತೆ ತೆರೆದು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಒಂದೇ ಪತ್ರದಲ್ಲಿ ಚಿತ್ರ ಬಾರದಿದ್ದರೆ

1. ಪತ್ರವು ಸ್ಪ್ಯಾಮ್ ಪೆಟ್ಟಿಗೆಯಲ್ಲಿರಬಹುದು. ಅಲ್ಲಿರುವ ಪತ್ರಗಳ ಚಿತ್ರಗಳನ್ನು ಎಚ್ಚರಿಕೆಗಾಗಿಯೇ ತಡೆಯಲಾಗುತ್ತದೆ. ಕಳುಹಿಸಿದವರು ಪರಿಚಿತರೆಂದು ಖಚಿತವಾದರೆ ಮಾತ್ರ 'ನಾಟ್ ಸ್ಪ್ಯಾಮ್' ಒತ್ತಬೇಕು.

2. ಪತ್ರ ಹಳೆಯದಾಗಿದ್ದು, ಕಳುಹಿಸಿದವರು ತಮ್ಮ ಗಣಕದಿಂದ ಚಿತ್ರವನ್ನು ತೆಗೆದಿರಬಹುದು. ಆಗ ಫೋನಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಅವರಿಗೇ ತಿಳಿಸಿ, ಚಿತ್ರವನ್ನು ಲಗತ್ತಿಸಿ ಕಳುಹಿಸಲು ಕೇಳಬೇಕು.

3. ಚಿತ್ರದ ನಮೂನೆ ಬೇರೆಯಿರಬಹುದು. 2017ರಿಂದೀಚೆಗೆ ಐಫೋನ್‌ಗಳಲ್ಲಿ ತೆಗೆದ ಚಿತ್ರಗಳು 'ಎಚ್‌ಇಐಸಿ' ಎಂಬ ನಮೂನೆಯಲ್ಲಿರಬಹುದು. ಹಳೆಯ ಆಂಡ್ರಾಯ್ಡ್ ಫೋನುಗಳು ಇದನ್ನು ತೆರೆಯಲಾರವು. 'ಜೆಪಿಜಿ' ನಮೂನೆಯಲ್ಲಿ ಕಳುಹಿಸಲು ಕೇಳಬೇಕು.

ಎಚ್ಚರಿಕೆ

ಫೋನು ಚಿತ್ರವನ್ನು ತಡೆಯುವುದಕ್ಕೂ ಒಂದು ಕಾರಣವಿದೆ. ದೂರದ ಗಣಕದಿಂದ ಚಿತ್ರ ಬಂದಾಗ, ಪತ್ರ ತೆರೆಯಲಾಗಿದೆ ಎಂಬುದು ಕಳುಹಿಸಿದವರಿಗೆ ತಿಳಿಯಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಇದಕ್ಕಾಗಿಯೇ ಇಡುವವರಿದ್ದಾರೆ. ಗುರುತಿಲ್ಲದವರ ಪತ್ರದಲ್ಲಿ ಚಿತ್ರ ಬಾರದಿದ್ದರೆ ಹಾಗೆಯೇ ಬಿಡುವುದು ಲೇಸು.

"ಚಿತ್ರ ನೋಡಲು ಈ ಆಪ್ ಹಾಕಿಕೊಳ್ಳಿ", "ಸಹಾಯಧನದ ಪಟ್ಟಿ ನೋಡಲು ಇಲ್ಲಿ ಒತ್ತಿ" ಎಂದು ಬಂದರೆ ಒತ್ತಬಾರದು. ಸಾಮಾನ್ಯ ಚಿತ್ರ ನೋಡಲು ಹೊಸ ಆಪ್ ಬೇಕಾಗುವುದಿಲ್ಲ. ಪಾಸ್‌ವರ್ಡ್, ಒಟಿಪಿ ಅಂತೂ ಬೇಡವೇ ಬೇಡ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುವುದು ಚಿತ್ರವಲ್ಲ, ಅದು ಆಪ್. ತಪ್ಪಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಸಲಹೆ ಕಳುಹಿಸುವ ವಿಸ್ತರಣಾ ಕಾರ್ಯಕರ್ತರಿಗೆ

* ಔಷಧಿಯ ಹೆಸರು, ಪ್ರಮಾಣ, ಸಿಂಪಡಿಸುವ ಸಮಯ ಇವನ್ನು ಚಿತ್ರದೊಳಗೆ ಮಾತ್ರ ಬರೆಯಬಾರದು. ಪತ್ರದಲ್ಲಿ ಅಕ್ಷರಗಳಲ್ಲೂ ಬರೆಯಬೇಕು. ಚಿತ್ರ ಬಾರದಿದ್ದರೂ ಇವು ರೈತರಿಗೆ ಮುಟ್ಟುತ್ತವೆ.
* ಪ್ರತಿ ಚಿತ್ರದ ಕೆಳಗೆ ಲಕ್ಷಣವನ್ನು ಒಂದೆರಡು ಸಾಲಿನಲ್ಲಿ ವಿವರಿಸಬೇಕು.
* ಚಿತ್ರವನ್ನು 200 ಕೆ.ಬಿ. ಆಸುಪಾಸಿಗೆ ಇಳಿಸಿ ಕಳುಹಿಸಬೇಕು. ಮೇಲೆ ಹೇಳಿದ ನಿಧಾನದ ಸಂಪರ್ಕದಲ್ಲೂ ಅದು ಸುಮಾರು 16 ಸೆಕೆಂಡಿನಲ್ಲಿ ಬರುತ್ತದೆ.
* ಜಿಮೇಲ್‌ನಲ್ಲಿ ಒಂದು ಪತ್ರದ ಲಗತ್ತುಗಳು ಒಟ್ಟು 25 ಎಂ.ಬಿ. ಮೀರುವಂತಿಲ್ಲ.

ಚಿತ್ರ ಬಾರದೇ ಹೋದರೆ

ಎಲ್ಲ ಪ್ರಯತ್ನದ ನಂತರವೂ ಚಿತ್ರ ಮೂಡದಿದ್ದರೆ ಊಹೆಯ ಮೇಲೆ ಸಿಂಪಡಿಸಬಾರದು. ರೋಗ ತಗುಲಿದ ಹಾಗೂ ಆರೋಗ್ಯವಾದ ಎಲೆಗಳಿರುವ ಟೊಂಗೆಗಳನ್ನು, ತೊಗರಿಯಾದರೆ ಬೇರು ಸಮೇತ ಗಿಡವನ್ನು, ಕಾಗದದಲ್ಲಿ ಸುತ್ತಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಇಂಡಿ ಅಥವಾ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬೇಕು. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ಗೆ 1800-180-1551ರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಚಿತ್ರವಿರುವುದು ಹೊಲದ ಗಿಡವನ್ನು ಗುರುತಿಸಲಿಕ್ಕೆ; ಗಿಡವನ್ನೇ ತೋರಿಸಿದರೆ ಚಿತ್ರದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ನೆನಪಿಡಬೇಕಾದ ಅಂಶಗಳು

* ಮೊದಲು ಬೇರೆ ಪತ್ರಗಳನ್ನು ತೆರೆದು, ದೋಷ ಫೋನಿನದೋ ಪತ್ರದ್ದೋ ತಿಳಿಯಬೇಕು.
* ನೆಟ್‌ವರ್ಕ್, ಡೇಟಾ ಸೇವರ್, ಆಪ್‌ನ ಸೆಟ್ಟಿಂಗ್, ದಿನಾಂಕ, ಮೆಮೊರಿ, ಕ್ಯಾಷ್ ಈ ಕ್ರಮದಲ್ಲಿ ಪರೀಕ್ಷಿಸಬೇಕು.
* ಗುರುತಿಲ್ಲದವರ ಚಿತ್ರಕ್ಕಾಗಿ ಹೊಸ ಆಪ್ ಹಾಕಿಕೊಳ್ಳಬಾರದು.
* ಚಿತ್ರ ನೋಡದೆ ಔಷಧಿ ಕೊಳ್ಳಬಾರದು. ಗಿಡವನ್ನೇ ತಜ್ಞರಿಗೆ ತೋರಿಸಬೇಕು.