ಹೊಳಪು ನೋಡಿ ಕಾಗದ ಕೊಳ್ಳಬೇಡ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಸುಲ್ತಾನ್‌ಪೇಟೆಯಿಂದ ತಂದ ಗ್ಲಾಸಿ ಪೇಪರಿನ ಕಟ್ಟಿನ ಚಿತ್ರ ಕಳಿಸಿ, ‘ಎಷ್ಟು ಅಗ್ಗಕ್ಕೆ ಸಿಕ್ಕಿತು ನೋಡಿ ಅತ್ತೆ’ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಅಜ್ಜಿಯ ವರ್ಷಾಂತಿಕಕ್ಕೆ ಬರುವ ಎಲ್ಲರ ಕೈಗೂ ಅವರ ಫೋಟೋ ಕೊಡಬೇಕೆಂಬ ನಿನ್ನ ಆಸೆ ದೊಡ್ಡದು. ಆದರೆ ಕೊಡುವುದು ಆ ಕಾಗದದ ಮೇಲೆ ಎಂದಾದರೆ ನಾನು ಸುಮ್ಮನಿರಲಾರೆ. ಫೋನಿನಲ್ಲಿ ಹೇಳಹೊರಟರೆ ಮಾತು ಬೆಳೆದೀತು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಂತೆ ಮನೆಯಲ್ಲೇ ಪ್ರಿಂಟರ್ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಊರ ತುಂಬ ಇದ್ದಾರೆ. ಅವರೂ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ, ಬೇಸರಪಡಬೇಡ.

ನಾನು ಈ ಕೆಲಸ ಕಲಿತದ್ದು ಲಂಗ ದಾವಣಿಯ ವಯಸ್ಸಿನಲ್ಲಿ, ಸಾಗರದ ನಮ್ಮ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ. ಹೊರಗೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದವರು ಅಪ್ಪ. ಒಳಗಿನ ತೊಳೆಯುವ, ಒಣಗಿಸುವ, ಟಚಿಂಗ್ ಮಾಡುವ ಕೆಲಸವೆಲ್ಲ ನನ್ನದು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್, 1960ರಲ್ಲಿ ಸರ್ಕಾರ ಸ್ಥಾಪಿಸಿದ ಆ ಕಾರ್ಖಾನೆಯ ‘ಇಂದು’ ಬ್ರೋಮೈಡ್ ಪೇಪರ್ ನಮಗೆ ಬರುತ್ತಿತ್ತು. ಕೆಂಪು ದೀಪದಲ್ಲಿ ಮಾತ್ರ ಪೊಟ್ಟಣ ಬಿಚ್ಚಬೇಕು. ನೆಗೆಟಿವ್ ಸಪ್ಪೆಯಾಗಿದ್ದರೆ ಹಾರ್ಡ್ ಗ್ರೇಡು, ಕಪ್ಪು ಬಿಳುಪಿನ ಅಂತರ ಜಾಸ್ತಿ ಇದ್ದರೆ ಸಾಫ್ಟು. ಕೈಗೆ ಕೊಡುವ ಸಣ್ಣ ಫೋಟೋಗೆ ತೆಳು ಕಾಗದ, ಗೋಡೆಗೆ ಹಾಕುವ ಎನ್‌ಲಾರ್ಜ್‌ಮೆಂಟಿಗೆ ಡಬಲ್ ವೇಟ್. ಯಾವ ಫೋಟೋ ಯಾವ ಕಾಗದಕ್ಕೆ ಎಂಬುದು ಪೊಟ್ಟಣ ಬಿಚ್ಚುವ ಮೊದಲೇ ತೀರ್ಮಾನವಾಗಿರುತ್ತಿತ್ತು.

ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಿಂದ ತೆಗೆದ ಪ್ರಿಂಟುಗಳನ್ನು ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯಬೇಕಿತ್ತು. ಆಷಾಢದ ಚಳಿಯಲ್ಲಿ ಬೆರಳು ಮರಗಟ್ಟುತ್ತಿದ್ದವು. ಗಿರಾಕಿ ಹೊರಗೆ ಕಾಯುತ್ತಿದ್ದರೂ ಅಪ್ಪ ಒಂದು ನಿಮಿಷ ಕಡಿಮೆ ಮಾಡಲು ಬಿಡುತ್ತಿರಲಿಲ್ಲ. ಹೈಪೋ ಕಾಗದದಲ್ಲಿ ಉಳಿದರೆ ಇವತ್ತು ಕಾಣುವುದಿಲ್ಲ. ವರ್ಷಗಳು ಕಳೆದ ಮೇಲೆ ಮುಖಗಳು ಹಳದಿಯಾಗಿ, ಕಂದಾಗಿ ಮಾಸುತ್ತವೆ. ‘ಆಗ ಅವರು ಯಾರನ್ನು ಕೇಳಬೇಕು?’ ಎನ್ನುತ್ತಿದ್ದರು. ತೊಳೆದದ್ದನ್ನು ಹೊಳೆಯುವ ಕ್ರೋಮಿಯಂ ತಗಡಿಗೆ ಮುಖ ಅಡಿಯಾಗಿ ಅಂಟಿಸಿ ರೋಲರ್ ಎಳೆಯುತ್ತಿದ್ದೆ. ಪೂರ್ತಿ ಒಣಗಿದಾಗ ಪ್ರಿಂಟು ಚಟಚಟ ಸದ್ದು ಮಾಡುತ್ತ ತಾನೇ ಕಳಚಿಕೊಳ್ಳುತ್ತಿತ್ತು. ನಮ್ಮ ಕಾಲದ ಗ್ಲಾಸಿ ಅದು. ಅದರ ಹೊಳಪು ಕೆಲಸದ ಕೊನೆಯ ಹಂತ, ಅದಕ್ಕೆ ಮುಂಚೆ ಕಾಗದವೂ ತೊಳೆತವೂ ಸರಿಯಾಗಿರಬೇಕಿತ್ತು.

ಆಮೇಲೆ ಕಲರ್ ಬಂತು. ಎಂಬತ್ತರ ದಶಕದಲ್ಲಿ ಕಪ್ಪು ಬಿಳುಪು ಯಾರಿಗೂ ಬೇಡವಾಯಿತು. ನಿನ್ನ ಅಪ್ಪ ಅಮ್ಮನ ಮದುವೆಯ ಆಲ್ಬಮ್ ತೆಗೆದು ನೋಡು. ಅಮ್ಮನ ಹಸಿರು ಸೀರೆ ಎಲ್ಲಿದೆ? ಚಪ್ಪರದ ಮಾವಿನೆಲೆ ಎಲ್ಲಿದೆ? ಎಲ್ಲವೂ ಕೆಂಪಿಗೆ ತಿರುಗಿದೆ. ಆ ಕಾಲದ ಅನೇಕ ಕಲರ್ ಪೇಪರುಗಳಲ್ಲಿ ಹಸಿರುನೀಲಿ ಬಣ್ಣವೇ ದುರ್ಬಲ. ಆಲ್ಬಮ್ಮಿನ ಕತ್ತಲೆಯಲ್ಲಿ ಇದ್ದರೂ ಅದು ಅಳಿಸಿಹೋಗುತ್ತಿತ್ತು. ನಡುಮನೆಯ ಗೋಡೆಯ ಮೇಲಿರುವ ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೋ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದಾದರೂ ಹಾಗೇ ಇದೆ. ನೀನು ಹುಟ್ಟುವ ಮೊದಲಿನ ಅಜ್ಜಿಯ ಮುಖ ನಿನಗೆ ಗೊತ್ತಿರುವುದು ಒಂದು ಒಳ್ಳೆಯ ಕಾಗದದಿಂದ. ಇದನ್ನು ನೀನು ಮರೆಯಬಾರದು.

ಈಗ ನಿನ್ನ ಕಟ್ಟಿನ ವಿಷಯ. ಎರಡೂ ಕಡೆ ತೂಗಿಯೇ ಹೇಳುತ್ತೇನೆ. ಅಗ್ಗದ ಗ್ಲಾಸಿ ಎಂದರೆ ಸಾಮಾನ್ಯ ಮರದ ತಿರುಳಿನ ಕಾಗದ, ಮೇಲೊಂದು ನಯವಾದ ಲೇಪ, ಅಷ್ಟೆ. ಹಿಂಬದಿಗೆ ಒದ್ದೆ ಬೆರಳು ಒತ್ತಿ ನೋಡು, ನೀರು ಹೀರಿಕೊಂಡು ಉಬ್ಬುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯೂ ಅದಕ್ಕೆ ಅದನ್ನೇ ಮಾಡುತ್ತದೆ. ಇದಕ್ಕಿಂತ ಮೇಲಿನದು ಆರ್‌ಸಿ ಪೇಪರ್. ಕಾಗದದ ಎರಡೂ ಬದಿಗೆ ಪಾಲಿಥೀನ್ ಪದರ, ಅದರ ಮೇಲೆ ಇಂಕು ಹಿಡಿಯುವ ಲೇಪ. ತೂಕ ಸಾಮಾನ್ಯವಾಗಿ 240ರಿಂದ 270 ಜಿಎಸ್‌ಎಂ, ಕೈಗೆ ಲ್ಯಾಬ್ ಪ್ರಿಂಟಿನ ಹಾಗೇ ಅನಿಸುತ್ತದೆ. ಬಣ್ಣ ಗಾಢವಾಗಿ ಕೂರುತ್ತದೆ, ಕಪ್ಪು ಆಳವಾಗಿ ಬರುತ್ತದೆ. ಹುಟ್ಟುಹಬ್ಬಕ್ಕೆ, ಪ್ರವಾಸಕ್ಕೆ, ಆಲ್ಬಮ್ಮಿಗೆ ಧಾರಾಳವಾಗಿ ಬಳಸು, ನನ್ನ ತಕರಾರಿಲ್ಲ.

ಮೂರನೆಯದು ಹತ್ತಿಯ ಕಾಗದ. ಜರ್ಮನಿಯ ಹಾನೆಮ್ಯೂಲೆ ಗಿರಣಿ 1584ರಿಂದ ಕಾಗದ ಮಾಡುತ್ತಿದೆ. ತಾಳಿಕೋಟೆಯ ಯುದ್ಧ ಮುಗಿದು ಆಗಿನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಅವರ ‘ಫೋಟೋ ರ‍್ಯಾಗ್’ 308 ಜಿಎಸ್‌ಎಂ, ಪೂರ್ತಿ ಹತ್ತಿ. ಫ್ರಾನ್ಸಿನ ಕ್ಯಾನ್ಸನ್ ಅವರದೂ ಇಂಥ ಕಾಗದ ಸಿಗುತ್ತದೆ. ಮರದ ತಿರುಳಿನಲ್ಲಿ ಲಿಗ್ನಿನ್ ಉಳಿದಿದ್ದರೆ ಹಳೆಯ ನ್ಯೂಸ್‌ಪೇಪರಿನಂತೆ ಹಳದಿಯಾಗುತ್ತದೆ, ಹತ್ತಿಗೆ ಆ ಕಾಟವಿಲ್ಲ. ಆಮ್ಲ ಸೇರಿ ಪುಡಿಯಾಗದಿರಲಿ ಎಂದು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ನಂಬಿಕೆ ಬಾರದಿದ್ದರೆ ನಿನ್ನ ಜೇಬಿನ ನೋಟು ತೆಗೆದು ನೋಡು. ಅದೂ ಹತ್ತಿಯ ಕಾಗದವೇ. ನೋಟಿನ ಕಾಗದ ಮಾಡುವ ಗಿರಣಿಯೊಂದು ನಮ್ಮ ಮೈಸೂರಿನಲ್ಲೇ ಇದೆ. ಬೆವರು, ಮಳೆ, ಸಂತೆ ಎಲ್ಲ ದಾಟಿ ಬದುಕಬೇಕಾದ ಕಾಗದಕ್ಕೆ ಸರ್ಕಾರವೂ ಹತ್ತಿಯನ್ನೇ ಆರಿಸಿಕೊಂಡಿದೆ.

ಇನ್ನೊಂದು ಪರೀಕ್ಷೆ ಮಾಡು. ಅಂಗಡಿಗಳಲ್ಲಿ ಖೋಟಾ ನೋಟು ಹಿಡಿಯಲು ನೀಲಿ ದೀಪ ಇಟ್ಟಿರುತ್ತಾರಲ್ಲ, ಅದರ ಕೆಳಗೆ ನಿನ್ನ ಗ್ಲಾಸಿ ಹಾಳೆಯನ್ನೂ ಒಂದು ನೋಟನ್ನೂ ಹಿಡಿ. ನೋಟಿನ ಕಾಗದ ಮಂಕಾಗಿಯೇ ಇರುತ್ತದೆ. ನಿನ್ನ ಹಾಳೆ ನೀಲಿಯಾಗಿ ಬೆಳಗಿದರೆ ಅದರ ಬಿಳುಪು ಸ್ವಂತದ್ದಲ್ಲ, ಬಟ್ಟೆಯ ಸೋಪಿನ ಪುಡಿಯಲ್ಲಿರುವಂಥ ಬೆಳಗುವ ರಾಸಾಯನಿಕದ್ದು. ಬೆಳಕಿಗೆ ಆ ರಾಸಾಯನಿಕ ಸವೆಯುತ್ತ ಹೋದಂತೆ ಕಾಗದದ ನಿಜವಾದ ಬಣ್ಣ ಹೊರಬೀಳುತ್ತದೆ, ಫೋಟೋದಲ್ಲಿ ಬಿಳಿ ಇದ್ದ ಕಡೆಯೆಲ್ಲ ಹಳದಿ. ಅಜ್ಜಿಯ ಬಿಳಿ ತಲೆಗೂದಲನ್ನು ಅದರ ಪಾಲಿಗೆ ಬಿಡುತ್ತೀಯಾ?

ಇಂಕಿನ ಮಾತೂ ಇದೆ. ನಿನ್ನ ಟ್ಯಾಂಕ್ ಪ್ರಿಂಟರಿನಲ್ಲಿರುವುದು ಡೈ ಇಂಕು, ನೀರಿನಲ್ಲಿ ಕರಗಿದ ಬಣ್ಣ. ಬೇಗ ಒಣಗಲೆಂದು ಗ್ಲಾಸಿಯ ಲೇಪದಲ್ಲಿ ಅತಿ ಸಣ್ಣ ರಂಧ್ರಗಳಿರುತ್ತವೆ. ಅವುಗಳೊಳಗೆ ನುಗ್ಗುವ ಗಾಳಿಯ ಓಜೋನ್ ಡೈಯನ್ನು ತಿನ್ನುತ್ತದೆ. ಗಾಜಿಲ್ಲದೆ ಗೋಡೆಗೆ ಅಂಟಿಸಿದ ಇಂಥ ಪ್ರಿಂಟು ಕೆಲವೇ ವರ್ಷಗಳಲ್ಲಿ ಬಿಳುಚಿಕೊಳ್ಳುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕಣಗಳಾಗಿರುತ್ತದೆ, ಬೆಳಕಿಗೂ ಗಾಳಿಗೂ ಹೆಚ್ಚು ತಡೆಯುತ್ತದೆ. ಹತ್ತಿಯ ಕಾಗದಕ್ಕೆ ಅದೇ ಸರಿ. ಅದಕ್ಕಾಗಿ ಹೊಸ ಪ್ರಿಂಟರ್ ಕೊಳ್ಳಬೇಕಿಲ್ಲ, ಪಿಗ್ಮೆಂಟ್ ಇಂಕಿನಲ್ಲಿ ಫೈನ್ ಆರ್ಟ್ ಪ್ರಿಂಟ್ ಮಾಡಿಕೊಡುವವರು ಬೆಂಗಳೂರಿನಲ್ಲಿದ್ದಾರೆ.

ಹತ್ತಿಯ ಮ್ಯಾಟ್ ಕಾಗದಕ್ಕೂ ಕೊರತೆಗಳಿವೆ. ಗ್ಲಾಸಿಯಷ್ಟು ಆಳವಾದ ಕಪ್ಪು ಬರುವುದಿಲ್ಲ. ಮೈ ಸೂಕ್ಷ್ಮ, ಉಗುರು ತಾಗಿದರೂ ಗೀರು ಬೀಳುತ್ತದೆ. ಕಪ್ಪು ಆಳವಾಗಿಯೇ ಬೇಕೆಂದರೆ ಬರೈಟಾ ಕಾಗದ ಕೇಳು. ನಮ್ಮ ಬ್ರೋಮೈಡ್ ಪೇಪರಿನಲ್ಲಿದ್ದ ಅದೇ ಬೇರಿಯಂ ಸಲ್ಫೇಟ್ ಪದರ ಅದರಲ್ಲೂ ಇರುತ್ತದೆ. ಆದರೂ ನಮ್ಮ ಮನೆಗಳ ಮಬ್ಬು ಬೆಳಕಿನಲ್ಲಿ, ಎದುರು ಕಿಟಕಿಯ ಪ್ರತಿಬಿಂಬ ಮುಖದ ಮೇಲೆ ಕೂರದ ಮ್ಯಾಟೇ ನನಗೆ ಸರಿ ಕಾಣುತ್ತದೆ.

ದುಬಾರಿ ಎನ್ನುತ್ತೀಯ. ನಿಜ, ಒಂದು ಹಾಳೆಯ ಬೆಲೆಗೆ ನಿನ್ನ ಕಟ್ಟಿನ ಹತ್ತಾರು ಹಾಳೆ ಬರುತ್ತವೆ. ಹಾಗಾದರೆ ಕೇಳು. ಕ್ಯಾಮೆರಾಕ್ಕೆ ಸಾಲ ಮಾಡಿದೆ, ಲೆನ್ಸಿಗೆ ಕಂತು ಕಟ್ಟುತ್ತಿದ್ದೀಯ. ಒಂದೇ ಮುಖವನ್ನು ಕಂಪ್ಯೂಟರಿನ ಮುಂದೆ ರಾತ್ರಿಯೆಲ್ಲ ತಿದ್ದುತ್ತೀಯ. ಕೊನೆಗೆ ಜನರ ಕೈಗೆ ಹೋಗುವ ಏಕೈಕ ವಸ್ತು ಕಾಗದ, ಅಲ್ಲಿ ಮಾತ್ರ ಚೌಕಾಸಿ! ಕೆಲಸ ಬಲ್ಲವನು ಹೀಗೆ ಮಾಡುತ್ತಾನೆಯೇ? ಐವತ್ತು ಫೋಟೋ ಹಂಚಿದರೆ ಪ್ರೀತಿ ಐವತ್ತು ಪಟ್ಟು ಆಗುವುದಿಲ್ಲ ಪುಟ್ಟಾ. ಬಣ್ಣ ಹೋದದ್ದನ್ನು ನೆಂಟರು ನಿನಗೆ ಹೇಳುವುದೂ ಇಲ್ಲ, ಮೆಲ್ಲನೆ ಗೋಡೆಯಿಂದ ತೆಗೆದು ಅಟ್ಟಕ್ಕೆ ಹಾಕುತ್ತಾರೆ.

ಜೋರಾಗಿ ಹೇಳಿಬಿಟ್ಟೆ. ನೀನು ತೆಗೆದ ಅಜ್ಜಿಯ ಆ ಫೋಟೋ, ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತ ತಲೆ ಎತ್ತಿ ನೋಡಿದ್ದು, ನಮ್ಮ ಸ್ಟುಡಿಯೋದಲ್ಲಿ ಯಾರೂ ತೆಗೆದಿರಲಿಲ್ಲ. ಅಪ್ಪ ಕೂಡ. ಅವರು ಎಲ್ಲರನ್ನೂ ಪರದೆಯ ಮುಂದೆ ಕೂರಿಸಿ ತೆಗೆದವರು. ಅಮ್ಮ ಹಾಗೆ ನೋಡುತ್ತಿದ್ದರು ಎಂಬುದು ಮಗಳಾದ ನನಗೂ ಮರೆತುಹೋಗಿತ್ತು. ಚಿತ್ರ ಅಷ್ಟು ಒಳ್ಳೆಯದಾದ್ದರಿಂದಲೇ ನನಗೆ ಇಷ್ಟು ಸಿಟ್ಟು.

ಹೀಗೆ ಮಾಡು. ಎಲ್ಲರಿಗೂ ಹಂಚಲು ಒಳ್ಳೆಯ ಆರ್‌ಸಿಯಲ್ಲಿ ಪೋಸ್ಟ್‌ಕಾರ್ಡ್ ಸೈಜ್ ಸಾಕು. ಗೋಡೆಗೆ ಹಾಕುವ ಮನೆಗಳಿಗೆ ಮಾತ್ರ ಹತ್ತಿಯ ಕಾಗದದಲ್ಲಿ 8x12 ಇಂಚು ಮಾಡಿಸು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2400x3600 ಬೇಕು, ನಿನ್ನ ಕ್ಯಾಮೆರಾದಲ್ಲಿ ಅದು ಧಾರಾಳ ಇದೆ. ಬಣ್ಣ ಸರಿಹೊಂದಿಸಲು ಆ ಕಾಗದಕ್ಕೇ ಮಾಡಿದ ಐಸಿಸಿ ಪ್ರೊಫೈಲ್ ಹಾಕಲು ಹೇಳು. ಮೊದಲು ಒಂದೇ ಹಾಳೆ ತೆಗೆಸಿ ಹಗಲು ಬೆಳಕಿನಲ್ಲಿ ನೋಡು. ಪ್ರಿಂಟಾದ ದಿನವೇ ಫ್ರೇಮ್ ಹಾಕಿಸಬೇಡ. ಒಂದು ದಿನ ಗಾಳಿಗೆ ಬಿಡು, ಇಲ್ಲದಿದ್ದರೆ ಇಂಕಿನ ಆವಿ ಗಾಜಿನ ಒಳಗೆ ಮಂಜಿನಂತೆ ಕೂರುತ್ತದೆ. ಫೋಟೋ ಗಾಜಿಗೆ ತಾಗಬಾರದು, ನಮ್ಮ ಮಳೆಗಾಲದಲ್ಲಿ ಅಂಟಿಕೊಂಡರೆ ಬಿಡಿಸಲಾಗುವುದಿಲ್ಲ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇಡಿಸು. ಬಿಸಿಲು ಬೀಳುವ ಗೋಡೆಯೂ ಒಲೆಯ ಹೊಗೆ ತಾಗುವ ಗೋಡೆಯೂ ಬೇಡ ಎಂದು ಎಲ್ಲರಿಗೂ ತಿಳಿಸು. ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಅಜ್ಜಿಯ ಹೆಸರು, ಊರು, ವರ್ಷ ಬರೆ. ಬಾಲ್‌ಪೆನ್ ಬೇಡ.

ಆಯ್ಕೆ ನಿನ್ನದು. ಹತ್ತಿಯ ಕಾಗದದ ಖರ್ಚು ನನ್ನದು. ಅಮ್ಮನಿಗೆ ಮಗಳಾಗಿ ಅಷ್ಟು ಮಾಡಲು ನನಗೂ ಹಕ್ಕಿದೆ. ಈ ವಾರವೇ ಪ್ರಿಂಟ್ ಮಾಡುವವರನ್ನು ಕಂಡು ದರ ಕೇಳಿ ತಿಳಿಸು.

ಇಂತಿ,
ನಿನ್ನ ಅತ್ತೆ